ಮಾನ್ಯಾ ಸಾಯುವ ಕಂತು

ಅಕ್ಟೋಬರ್ 6, ಸೋಮವಾರ

ಸೀರಿಯಲ್ಲಿನ ಮೊದಲ ಕಂತು ಇವತ್ತು ಇಲ್ಲಿ ಅಮೆರಿಕಕ್ಕೂ ಬಂತು. ಇಂಗ್ಲೆಂಡಿನವರು ನಿನ್ನೆಯೇ ನೋಡಿಯಾಗಿದೆ. ಮಾನ್ಯಾ ಇರುವುದು ಎರಡೇ ಎರಡು ದೃಶ್ಯಗಳಲ್ಲಿ. ಉತ್ತರದ ಕಡೆಯ ಯಾವುದೋ ಬಂದರು ಊರು. ಆಕಾಶಕ್ಕೂ ಸಮುದ್ರಕ್ಕೂ ಒಂದೇ ಬೂದಿ ಬಣ್ಣ. ಯಾರೂ ನಗುವುದಿಲ್ಲ, ಎಲ್ಲರೂ ಟೀ ಕುಡಿಯುತ್ತಾರೆ. ನಮ್ಮ ಮಗಳು ಅಲ್ಲಿ ನೀನಾ. ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಕೆಲಸ, ತಲೆಗೆ ಪ್ಲಾಸ್ಟಿಕ್ ಟೋಪಿ, ಕಾಲಿಗೆ ರಬ್ಬರ್ ಬೂಟು. ಇಲ್ಲಿ ಮಿಲ್ಪಿಟಾಸಿನ ಮಾಲಿನಲ್ಲಿ ಮೀನಿನ ಅಂಗಡಿ ದಾಟುವಾಗ ಮೂಗು ಮುಚ್ಚಿಕೊಂಡು ಓಡುತ್ತಿದ್ದವಳು ಅಲ್ಲಿ ಮೀನಿನ ಬಾಲ ಹಿಡಿದು ಪೆಟ್ಟಿಗೆಗೆ ಎಸೆಯುತ್ತಾಳೆ, ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದವಳ ಹಾಗೆ.

ಗುರು ಪಕ್ಕದಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಆಫೀಸಿನ ಮೇಲ್ ನೋಡುತ್ತಿದ್ದರು. ಮಗಳು ಪರದೆಯ ಮೇಲಿದ್ದಷ್ಟು ಹೊತ್ತು ಟೈಪು ಮಾಡುವ ಸದ್ದು ನಿಂತಿತ್ತು. ಅವಳು ಮರೆಯಾದ ಮೇಲೆ ಮತ್ತೆ ಶುರುವಾಯಿತು. ಮುಗಿದಾಗ, ‘ಕ್ಯಾಮೆರಾ ವರ್ಕು ಚೆನ್ನಾಗಿದೆ’ ಎಂದರು. ಅಷ್ಟೇ.

ಮೂರು ವರ್ಷದ ಹಿಂದೆ ಅವಳು ಸ್ಯಾನ್ ಹೋಸೆಯ ಕೆಲಸ ಬಿಟ್ಟು ನಟನೆ ಕಲಿಯುತ್ತೇನೆಂದು ಲಂಡನ್ನಿಗೆ ಹೊರಟಾಗಲೂ ಹೀಗೆಯೇ. ಅಪ್ಪ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಏರ್‌ಪೋರ್ಟಿನಲ್ಲಿ ಸೂಟ್‌ಕೇಸುಗಳನ್ನು ಗಾಡಿಯ ಮೇಲಿಟ್ಟು, ‘ಇಲ್ಲಿ ಜಾಸ್ತಿ ಹೊತ್ತು ನಿಲ್ಸಕ್ಕೆ ಬಿಡಲ್ಲ’ ಎಂದು ಕಾರು ಹತ್ತಿದರು. ಅಂದಿನಿಂದ ಫೋನಿನಲ್ಲಿ ‘ಊಟ ಆಯ್ತಾ? ಚಳಿ ಇದ್ಯಾ?’ ಎಂದು ಎರಡೇ ಪ್ರಶ್ನೆ. ಆಮೇಲೆ ಫೋನು ನನ್ನ ಕೈಗೆ. ಒಳ್ಳೆಯ ಕೆಲಸ, ಒಳ್ಳೆಯ ಸಂಬಳ ಇತ್ತು. ಇವಳಿಗೆ ಯಾಕೆ ಬೇಕಿತ್ತೋ ಎಂದು ನನಗೂ ಅನ್ನಿಸದ ದಿನವಿಲ್ಲ.

ಸಂಜೆ ಜಲಜಾಳ ಫೋನು. ನಮ್ಮ ಬೀದಿಯ ಆ ತುದಿಯವಳು, ಹಾಸನದವಳು, ಕನ್ನಡ ಸಂಘದ ಕಾರ್ಯದರ್ಶಿ. ‘ಊರ್ಮಿಳಾ, ನೋಡ್ದೆ ಕಣೇ! ನಮ್ಮ ಮಾನ್ಯಾ, ಮೀನು ಹಿಡ್ಕೊಂಡು! ರಾಜ್ಯೋತ್ಸವದ ಫಂಕ್ಷನ್ನಲ್ಲಿ ನಿಮ್ಮಿಬ್ರನ್ನೂ ಸ್ಟೇಜಿಗೆ ಕರೆದು ಶಾಲು ಹೊದಿಸ್ಬೇಕು ಅಂತ ಕಮಿಟೀಲಿ ಹೇಳ್ತೀನಿ.’

ಬೇಡ ಎಂದೆ. ಬಹಳ ಗಟ್ಟಿಯಾಗಿ ಹೇಳಲಿಲ್ಲ.

ಅಕ್ಟೋಬರ್ 14, ಮಂಗಳವಾರ

ಎರಡನೇ ಕಂತಿನಲ್ಲಿ ನೀನಾ ನೋಡಬಾರದ್ದನ್ನು ನೋಡಿಬಿಡುತ್ತಾಳೆ. ಮೀನಿನ ಪೆಟ್ಟಿಗೆಯಲ್ಲಿ ಮೀನಿನ ಜೊತೆ ಬೇರೇನೋ ಸಾಗಿಸುತ್ತಿದ್ದಾರೆ.

ಇವತ್ತು ಮಾನ್ಯಾ ತಾನಾಗಿಯೇ ಫೋನು ಮಾಡಿದಳು. ಅವಳು ಮಾತಾಡುವುದು ಇಂಗ್ಲಿಷಿನಲ್ಲೇ. ಚಿಕ್ಕಂದಿನಿಂದಲೂ ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ಇಲ್ಲಿ ನನ್ನ ಅನುಕೂಲಕ್ಕೆ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ.

‘ಅಮ್ಮಾ, ಮುಂದಿನ ಕಂತಿನಲ್ಲಿ ನೀನಾ ಸಾಯ್ತಾಳೆ. ನಿಂಗೆ ಮೊದಲೇ ಹೇಳ್ಬೇಕು ಅನ್ನಿಸ್ತು.’

‘ಹೇಗೆ?’

‘ಕೋಲ್ಡ್ ಸ್ಟೋರೇಜಿನಲ್ಲಿ ಹಾಕಿ ಬೀಗ ಹಾಕ್ತಾರೆ. ರಕ್ತಗಿಕ್ತ ಏನೂ ಇಲ್ಲ. ಆದ್ರೆ ಸ್ವಲ್ಪ ಉದ್ದ ಇದೆ. ಕ್ಯಾಮೆರಾ ನನ್ನ ಮುಖ ಬಿಟ್ಟು ಎಲ್ಲೂ ಹೋಗಲ್ಲ.’

ರಕ್ತ ಇದ್ದಿದ್ದರೆ ಪರವಾಗಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ನೋಡುವುದು ಅದನ್ನೇ. ‘ಸರಿ’ ಎಂದೆ. ಅವಳು ಸ್ವಲ್ಪ ಹೊತ್ತು ಕಾದಳು. ಇನ್ನೇನಾದರೂ ಹೇಳುತ್ತೇನೆಂದುಕೊಂಡಳೋ ಏನೋ. ಹುರಿಗಾಳು ಕಳಿಸಲೇ ಎಂದು ಕೇಳಿದೆ.

ಅಕ್ಟೋಬರ್ 20, ಸೋಮವಾರ. ನರಕ ಚತುರ್ದಶಿ

ರಜೆ ಹಾಕಿದ್ದೆ. ಎಣ್ಣೆ ನೀರು ಹಾಕಿಕೊಂಡು, ದೀಪ ಹಚ್ಚಿ, ಕಜ್ಜಾಯ ಮಾಡಿದೆ. ಪಾಕ ಗಟ್ಟಿಯಾಯಿತು. ಹಬ್ಬದ ದಿನ ಮಗಳು ಸಾಯುವುದನ್ನು ಕೂತು ನೋಡುವವರುಂಟೇ? ನಾನು ಟಿವಿ ಹಾಕಲಿಲ್ಲ. ಗುರು ಕೇಳಲೂ ಇಲ್ಲ.

ಮಧ್ಯಾಹ್ನದಿಂದ ಫೋನು ಗುಂಯ್‌ಗುಡುತ್ತಲೇ ಇದೆ. ಹಬ್ಬದ ಶುಭಾಶಯ ಯಾವುದು, ಇದು ಯಾವುದು ಎಂದು ತಿಳಿಯದಷ್ಟು. ಜಲಜಾ ಕರೆ ಮಾಡಿ ಅತ್ತಳು. ‘ಸೌಂಡ್ ಆಫ್ ಮಾಡ್ಬಿಟ್ಟೆ ಕಣೇ. ಬೆರಳ ಸಂದೀಲಿ ನೋಡ್ದೆ. ಆಮೇಲೆ ಮೊಸರು ತೆಗಿಯಕ್ಕೆ ಅಂತ ಫ್ರಿಜ್ ಮುಂದೆ ಹೋಗಿ ನಿಂತೆ, ಬಾಗಿಲು ತೆಗಿಯಕ್ಕೇ ಆಗ್ಲಿಲ್ಲ. ನೀನ್ ಹೇಗೆ ನೋಡಿದ್ಯೋ!’

ನೋಡಿಲ್ಲ ಎಂದು ಹೇಳಲಿಲ್ಲ.

ಅಕ್ಟೋಬರ್ 22, ಬುಧವಾರ

ಊಟದ ಬಿಡುವಿನಲ್ಲಿ ಅಂತರ್ಜಾಲದಲ್ಲಿ ಜನ ಬರೆದಿದ್ದನ್ನೆಲ್ಲ ಓದುತ್ತಾ ಕೂತೆ. ಸಾವಿರಗಟ್ಟಲೆ ಇದೆ. ದೃಶ್ಯ ನೋಡುವ ಧೈರ್ಯವಿಲ್ಲ, ನೋಡಿದವರ ಪಾಡು ಓದುವ ಚಪಲ ಮಾತ್ರ ಬಿಡುವುದಿಲ್ಲ. ಇದು ಯಾವ ಬಗೆಯ ಬುದ್ಧಿ?

ಒಬ್ಬಾತ ಅರ್ಧಕ್ಕೆ ನಿಲ್ಲಿಸಿ ನಾಯಿಯನ್ನು ಕರೆದುಕೊಂಡು ನಡೆಯಲು ಹೋದನಂತೆ. ಇನ್ನೊಬ್ಬಳು ಕಂಬಳಿ ಹೊದ್ದುಕೊಂಡು ನೋಡಿದಳಂತೆ, ಆದರೂ ಹಲ್ಲು ಕಟಕಟ ಎಂದವಂತೆ. ಇಷ್ಟೊಂದು ತೋರಿಸುವ ಅಗತ್ಯವಿತ್ತೇ ಎಂದು ಚಾನೆಲ್ಲಿಗೆ ದೂರು ಕೊಟ್ಟವರಿದ್ದಾರೆ. ದೂರು ಕೊಟ್ಟವರನ್ನು ಬೈದವರು ಅದಕ್ಕಿಂತ ಹೆಚ್ಚು. ‘ಮೊದಲು ಸಾಯುವವಳು ಯಾವಾಗಲೂ ಕಂದು ಬಣ್ಣದ ಹುಡುಗಿಯೇ ಯಾಕೆ?’ ಎಂದು ಒಬ್ಬಳು ಕೇಳಿದ್ದಾಳೆ. ಅದು ಸರಿಯಾದ ಪ್ರಶ್ನೆ ಅನ್ನಿಸಿತು. ‘ಈ ಹುಡುಗಿಯ ತಾಯಿತಂದೆ ಇದನ್ನು ಹೇಗೆ ನೋಡುತ್ತಾರೋ’ ಎಂದು ಇನ್ನೊಬ್ಬರು. ಅದನ್ನು ಓದಿ ಫೋನನ್ನು ಮಗುಚಿಟ್ಟೆ.

ಅಕ್ಟೋಬರ್ 24, ಶುಕ್ರವಾರ

ಲ್ಯಾಬಿನಲ್ಲಿ ಮರಿಸೆಲ್. ಫಿಲಿಪ್ಪೀನ್ಸಿನವಳು, ಒಂಬತ್ತು ವರ್ಷದಿಂದ ನನ್ನ ಪಕ್ಕದ ಮೇಜು. ಮಾನ್ಯಾಳನ್ನು ಹೈಸ್ಕೂಲಿನ ಫೋಟೋದಲ್ಲಿ ಬಿಟ್ಟರೆ ನೋಡಿಲ್ಲ. ಇವತ್ತು ತಾನಾಗಿ ಶುರು ಮಾಡಿದಳು.

‘ನಿನ್ನೆ ಒಂದು ಇಂಗ್ಲಿಷ್ ಸೀರಿಯಲ್ ನೋಡಿದೆ, ಊರ್ಮಿ. ಒಬ್ಬಳು ಇಂಡಿಯನ್ ಹುಡುಗಿ. ಅಯ್ಯೋ ದೇವರೇ.’

ನನ್ನ ಕೈಯಲ್ಲಿದ್ದ ಸೀಸೆಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪೊಲೀಸಿನವರ ಹಾಗೆ ಕೇಳತೊಡಗಿದೆ. ಏನಾಯಿತು? ಬಾಗಿಲು ಬಡಿಯುತ್ತಾಳೆಯೇ? ಅಳುತ್ತಾಳೆಯೇ?

‘ಮೊದಲು ಬಡಿಯುತ್ತಾಳೆ. ಆಮೇಲೆ ಬಡಿಯೋದು ಬಿಟ್ಟುಬಿಡ್ತಾಳೆ. ಅಳೋದೇ ಇಲ್ಲ, ಅದೇ ಕಷ್ಟ. ಒಂದು ಹಂತದಲ್ಲಿ ತನ್ನ ಜಾಕೆಟ್ ತೆಗೆದು ಮಡಿಸಿ ಇಡ್ತಾಳೆ. ನೀಟಾಗಿ. ಸೆಖೆ ಆಗೋರ ಹಾಗೆ.’

ಚಳಿಯಲ್ಲಿ ಸಾಯುವವರಿಗೆ ಕೊನೆಗೆ ಸೆಖೆಯಾದಂತೆ ಭ್ರಮೆಯಾಗುತ್ತದೆ. ಅದು ನನಗೆ ಗೊತ್ತು. ಮಾನ್ಯಾಳಿಗೆ ಯಾರು ಹೇಳಿದರು?

‘ಆಮೇಲೆ ನೀನೇನು ಮಾಡಿದೆ?’

‘ನಾನಾ? ಎದ್ದು ಹೀಟರ್ ಜಾಸ್ತಿ ಮಾಡಿದೆ. ಮಗನ ರೂಮಿಗೆ ಹೋಗಿ ಅವನ ಮೇಲೆ ಇನ್ನೊಂದು ಬ್ಲ್ಯಾಂಕೆಟ್ ಹಾಕಿದೆ. ಎಚ್ಚರಾಗಿ, ‘ಮಾಮ್, ನಂಗೆ ಹತ್ತೊಂಬತ್ತು ವರ್ಷ’ ಅಂತ ರೇಗಿದ.’

ಅದು ನನ್ನ ಮಗಳು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಷೀನು ಕೂಗಿತು.

ಅಕ್ಟೋಬರ್ 25, ಶನಿವಾರ

ಜಲಜಾ ಬಂದಿದ್ದಳು. ಕಜ್ಜಾಯ ತಿಂದಳು, ಪಾಕದ ಬಗ್ಗೆ ಏನೂ ಹೇಳಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ, ‘ಆ ಶಾಲಿನ ವಿಷ್ಯ... ಕಮಿಟೀಲಿ ಒಂದಿಬ್ರು ಹೇಳಿದ್ರು, ಮಕ್ಕಳಿರ್ತಾರೆ, ದೊಡ್ಡೋರಿರ್ತಾರೆ, ಯಾರಾದ್ರೂ ಮನೆಗೆ ಹೋಗಿ ಅದನ್ನ ಹುಡುಕ್ಕೊಂಡು ನೋಡಿದ್ರೆ... ಮುಂದಿನ ವರ್ಷ ನೋಡೋಣ ಕಣೇ. ಬೇಜಾರು ಮಾಡ್ಕೋಬೇಡ’ ಎಂದಳು.

ಬೇಡ ಎಂದು ಮೊದಲೇ ಹೇಳಿದ್ದವಳು ನಾನು. ಆದರೂ ಬೇಜಾರಾಯಿತು.

ಮೈಸೂರಿನಿಂದ ಶೈಲಕ್ಕನ ಫೋನು. ಸೀರಿಯಲ್ಲು ಅಲ್ಲಿ ಬರುವುದಿಲ್ಲ, ಸುದ್ದಿ ಮಾತ್ರ ತಲುಪಿದೆ. ‘ನಾಟಕವೋ ಗೀಟಕವೋ, ಹಬ್ಬದ ದಿನ ಮಗು ಸತ್ತಿದ್ದು ಸತ್ತಿದ್ದೇ. ನಕ್ಷತ್ರ ಸ್ವಾತಿ ತಾನೇ ಅವಳದ್ದು? ನಾಳೆ ಒಂದು ಮೃತ್ಯುಂಜಯ ಮಾಡಿಸ್ತೀನಿ.’

ವಿಶಾಖ ಎಂದು ಹೇಳಿದೆ.

ಅಕ್ಟೋಬರ್ 28, ಮಂಗಳವಾರ

ಅಂತರ್ಜಾಲದಲ್ಲಿ ಒಂದು ಹೊಸ ಜಗಳ ನಡೆದಿದೆ. ಕೊನೆಯಲ್ಲಿ ನೀನಾ ಏನೋ ಹೇಳುತ್ತಾಳಂತೆ. ಇಂಗ್ಲಿಷಿನಲ್ಲಲ್ಲ. ಸಬ್‌ಟೈಟಲಿನಲ್ಲಿ ‘ಬೇರೆ ಭಾಷೆಯಲ್ಲಿ ಮಾತು’ ಎಂದಷ್ಟೇ ಇದೆಯಂತೆ. ಏನು ಹೇಳಿದಳೆಂದು ಲೋಕವೆಲ್ಲ ತಲೆ ಕೆಡಿಸಿಕೊಂಡಿದೆ. ಹಿಂದಿ ಎಂದವರಿಗೆ ಹಿಂದಿಯವರು ಅಲ್ಲ ಎಂದಿದ್ದಾರೆ. ತಮಿಳಿನವನೊಬ್ಬ, ‘ಅಪ್ಪಾ ಎನ್ನುತ್ತಾಳೆ, ಆದ್ದರಿಂದ ತಮಿಳೇ. ಉಳಿದದ್ದು ಮಾತ್ರ ನನಗೂ ತಿಳಿಯಲಿಲ್ಲ’ ಎಂದು ಬರೆದಿದ್ದಾನೆ.

ಕನ್ನಡವೇ ಇರಬೇಕು. ನನ್ನ ಜೊತೆ ಒಂದು ಪೂರ್ತಿ ವಾಕ್ಯ ಕನ್ನಡ ಆಡದವಳು!

ಅದಕ್ಕಿಂತ, ಅಪ್ಪ ಅಂದಳೇ? ಅಮ್ಮ ಅನ್ನಲಿಲ್ಲವೇ?

ಮಧ್ಯಾಹ್ನ ರಾಸಾಯನಿಕ ತರಲು ಲ್ಯಾಬಿನ ಕೋಲ್ಡ್ ರೂಮಿಗೆ ಹೋದವಳು ಬಾಗಿಲನ್ನು ಪೂರ್ತಿ ಹಾಕಿಕೊಂಡೆ. ಒಳಗಿನಿಂದ ತೆಗೆಯುವ ಹಿಡಿ ಇದೆ, ಅಪಾಯವಿಲ್ಲ. ದಿನಕ್ಕೆ ಹತ್ತು ಸಲ ಹೋಗಿಬರುವ ಜಾಗ, ಇವತ್ತೇ ಮೊದಲ ಸಲ ನಿಂತು ನೋಡಿದ್ದು. ಮೊದಲು ಕಿವಿ, ಆಮೇಲೆ ಬೆರಳ ತುದಿ. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ನಾನಾಗಿದ್ದರೆ ಏನು ಹೇಳುತ್ತಿದ್ದೆ ಎಂದು ಯೋಚಿಸುತ್ತಿದ್ದೆ. ಮರಿಸೆಲ್ ಬಾಗಿಲು ತೆಗೆದು, ‘ಏನು ಮಾಡ್ತಿದ್ದೀಯ ಇಲ್ಲಿ?’ ಎಂದಳು. ‘ಲೆಕ್ಕ ಮಾಡ್ತಿದ್ದೆ’ ಎಂದೆ.

ಅಕ್ಟೋಬರ್ 29, ಬುಧವಾರ

ಮಾನ್ಯಾಳಿಗೆ ಫೋನು ಮಾಡಿ ನೇರವಾಗಿ ಕೇಳಿದೆ. ‘ಕೊನೇಲಿ ಏನಂತೀಯ ನೀನು?’

‘ಅಮ್ಮಾ, ನೀನು ನೋಡಿಲ್ಲ.’

‘ನೋಡ್ತೀನಿ. ಹಬ್ಬದ ಗಲಾಟೆ...’

‘ಒಂಬತ್ತು ದಿನ ಆಯ್ತು. ಗೊತ್ತಿಲ್ಲದವರು ನೋಡಿ ನಂಗೆ ಬರೀತಾ ಇದ್ದಾರೆ. ನೀವಿಬ್ರೂ ನೋಡಿಲ್ಲ.’ ಆಮೇಲೆ ಬಹಳ ಮೆತ್ತಗೆ, ‘ನೋಡಿದ ಮೇಲೆ ಕೇಳು. ಹೇಳ್ತೀನಿ’ ಎಂದು ಇಟ್ಟುಬಿಟ್ಟಳು.

ಅಕ್ಟೋಬರ್ 31, ಶುಕ್ರವಾರ

ಹ್ಯಾಲೋವೀನ್ ಎಂದು ಲ್ಯಾಬಿನಿಂದ ಬೇಗ ಬಿಟ್ಟರು. ಬಾಗಿಲಿಗೆ ಬರುವ ಮಕ್ಕಳಿಗೆ ಚಾಕೊಲೇಟು ಕೊಂಡು, ಫ್ರೀವೇ ತುಂಬುವ ಮೊದಲೇ ಮನೆ ಮುಟ್ಟಿದೆ. ಶುಕ್ರವಾರ ಗುರು ಮನೆಯಿಂದಲೇ ಕೆಲಸ ಮಾಡುತ್ತಾರೆ.

ರಿಮೋಟು ಒತ್ತಿದೆ. ಗ್ಯಾರೇಜಿನ ಬಾಗಿಲು ಮೇಲೇರಿತು. ಅವರ ಕಾರಿನೊಳಗೆ ಗುರು ಕೂತಿದ್ದಾರೆ. ಎಂಜಿನ್ನು ಆಫಾಗಿದೆ, ಫೋನನ್ನು ಸ್ಟಿಯರಿಂಗಿಗೆ ಒರಗಿಸಿದ್ದಾರೆ. ನನ್ನನ್ನು ಕಂಡು ಗಾಬರಿಯಲ್ಲಿ ಎಲ್ಲೋ ಒತ್ತಿದರು, ಹಾರ್ನು ಬಡಿದುಕೊಂಡಿತು.

ನಾನು ಇಳಿದು ಹೋಗಿ ಅವರ ಪಕ್ಕದ ಸೀಟಿನಲ್ಲಿ ಕೂತೆ. ಏನು ನೋಡುತ್ತಿದ್ದೀರಿ ಎಂದು ಕೇಳುವ ಅಗತ್ಯವಿರಲಿಲ್ಲ. ಫೋನಿನಲ್ಲಿ ಅವಳ ಮುಖ ನಿಂತಿತ್ತು, ತುಟಿ ನೀಲಿ.

‘ಎಷ್ಟು ಸಲ ನೋಡಿದೀರಿ?’

‘ಮೊದಲ ದಿನಾನೇ ನೋಡಿದೆ. ನೀನು ಕಜ್ಜಾಯ ಮಾಡ್ತಿದ್ದಾಗ.’ ಅದು ನನ್ನ ಪ್ರಶ್ನೆಗೆ ಉತ್ತರವಲ್ಲ.

‘ಮೊದಲಿಂದ ಹಾಕಿ’ ಎಂದೆ.

‘ಬೇಡ ಊರ್ಮಿಳಾ.’

‘ಹಾಕಿ ರೀ.’

ನೋಡಿದೆ. ಲ್ಯಾಬಿನ ಕೋಟಿನಲ್ಲಿ, ಮಡಿಲಲ್ಲಿ ಚಾಕೊಲೇಟಿನ ಚೀಲ ಇಟ್ಟುಕೊಂಡು, ಕಣ್ಣು ಮುಚ್ಚದೆ ನೋಡಿದೆ. ಮೊದಲಲ್ಲಿ ಅದು ನನ್ನ ಮಗಳು. ಆಮೇಲೆ ಎಲ್ಲೋ ಒಂದು ಕಡೆ, ಅವಳು ಬಡಿಯುವುದನ್ನು ಬಿಟ್ಟು ತನ್ನ ಅಂಗೈಯನ್ನು ನೋಡಿಕೊಳ್ಳುತ್ತಾಳೆ, ಅದು ಬೇರೆ ಯಾರದ್ದೋ ಎನ್ನುವ ಹಾಗೆ. ಅಲ್ಲಿಂದ ನಾನು ನೋಡಿದ್ದು ನೀನಾಳನ್ನು. ಜಾಕೆಟ್ಟು ತೆಗೆದಳು. ತೋಳು ಒಳಗೆ ಮಡಿಸಿ, ಕಾಲರು ಸರಿಮಾಡಿ ಇಟ್ಟಳು. ಪೆಟ್ಟಿಗೆಗಳ ಮಧ್ಯೆ ಕೂತಳು. ಎಲ್ಲೋ ಹೊರಡಬೇಕಾದವಳ ಹಾಗೆ ಒಂದು ಸಲ ಏಳಲು ನೋಡಿದಳು. ಆಗ ಹೇಳಿದಳು.

‘ಲೇಟಾಯ್ತು. ಅಪ್ಪ ಬೈತಾರೆ.’

ಅಷ್ಟೇ. ಆಮೇಲೆ ಕ್ಯಾಮೆರಾ ಇದೆ, ಅವಳಿಲ್ಲ.

ಗುರು ಫೋನನ್ನು ಕೆಳಗಿಟ್ಟರು. ಬಹಳ ಹೊತ್ತು ಗ್ಯಾರೇಜಿನ ಗೋಡೆಗೆ ತೂಗು ಹಾಕಿದ್ದ ಏಣಿಯನ್ನು ನೋಡುತ್ತಿದ್ದರು.

‘ನಾನು ಯಾವತ್ತು ಬೈದಿದೀನಿ ಹೇಳು ಅವಳಿಗೆ? ಒಂದು ದಿನ? ಒಂದೇ ಒಂದು ದಿನ?’ ಎಂದರು. ‘ಹನ್ನೊಂದು ದಿನದಿಂದ ಯೋಚನೆ ಮಾಡ್ತಾ ಇದೀನಿ. ನೆನಪಾಗ್ತಾ ಇಲ್ಲ.’

ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ನನಗೆ ಎಂಥ ಹೊತ್ತಿನಲ್ಲಿ ನಗು ಬಂತು! ನಕ್ಕು ನಕ್ಕು ನಾನೂ ಅತ್ತೆ. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಅಸ್ಥಿಪಂಜರದ ವೇಷ ಹಾಕಿದ ಮಗುವೊಂದು ಅಮ್ಮನ ಕೈ ಹಿಡಿದುಕೊಂಡು ಬಂದು ನಮ್ಮಿಬ್ಬರನ್ನು ಕಂಡು ಹಾಗೆಯೇ ನಿಂತುಬಿಟ್ಟಿತು. ಕರೆದು ಹಿಡಿ ತುಂಬ ಚಾಕೊಲೇಟು ಕೊಟ್ಟೆ.

ನವೆಂಬರ್ 1, ಶನಿವಾರ

ಬೆಳಿಗ್ಗೆ ಫೋನು ಮಾಡಿದೆ. ‘ನೋಡಿದ್ವಿ’ ಎಂದೆ. ಗುರು ಸ್ಪೀಕರಿನ ಹತ್ತಿರ ಬಂದು ನಿಂತರು.

ಮಾನ್ಯಾ ತಕ್ಷಣ ಕೇಳಿದ್ದು, ‘ಜಾಕೆಟ್ ಮಡಿಸೋದು ಸರಿ ಅನ್ನಿಸ್ತಾ? ಅದು ನಾನೇ ಸೇರಿಸಿದ್ದು, ಓದಿ ತಿಳ್ಕೊಂಡು’ ಎಂದು. ಸರಿ ಎಂದೆ. ಬೆರಳು ಮಾತ್ರ ಆ ಹೊತ್ತಿಗೆ ಅಷ್ಟು ಚೆನ್ನಾಗಿ ಮಡಿಯುವುದಿಲ್ಲ, ಮರಗಟ್ಟಿರುತ್ತವೆ ಎಂದೆ. ‘ಓ’ ಎಂದಳು. ಬರೆದುಕೊಂಡಳು ಅನ್ನಿಸುತ್ತದೆ.

‘ಆ ರೂಮಿನಲ್ಲಿ ಎಷ್ಟು ಚಳಿ ಇತ್ತು?’

‘ಚಳಿನಾ? ಅದು ಸೆಟ್ ಅಮ್ಮಾ. ಲೈಟಿನ ಕೆಳಗೆ ಬೆವರು ಸುರೀತಿತ್ತು. ಟೇಕ್ ಟೇಕಿಗೂ ಬೆವರು ಒರೆಸೋರು. ಬಾಯಿಂದ ಬರೋ ಹಬೆ ಕಂಪ್ಯೂಟರಿನಲ್ಲಿ ಹಾಕಿದ್ದು.’

ಅಂದರೆ ಲೋಕವೆಲ್ಲ ಕಂಬಳಿ ಹೊದ್ದು ನಡುಗುತ್ತಿದ್ದಾಗ ನನ್ನ ಮಗಳು ಬೆವರುತ್ತಿದ್ದಳು. ಇದು ಹೇಗೆ ಸಾಧ್ಯವಾಗುತ್ತದೆ? ಎಷ್ಟು ಯೋಚಿಸಿದರೂ ನನಗೆ ಬಗೆಹರಿಯುತ್ತಿಲ್ಲ.

ಆಗ ಗುರು ಗಂಟಲು ಸರಿಮಾಡಿಕೊಂಡರು. ‘ಮಾನ್ಯಾ. ನಾನು ಯಾವಾಗ ಬೈದಿದ್ದೆ ನಿಂಗೆ?’

ಅವಳು ನಕ್ಕಳು. ‘ಅಪ್ಪಾ! ಅದು ನೀನಲ್ಲ. ಅದು ನೀನಾಳ ಅಪ್ಪ. ನೀನಾಗೆ ತಾಯಿ ಇಲ್ಲ, ಕಥೇಲಿ. ಡೈರೆಕ್ಟರ್ ಹೇಳಿದ್ರು, ಈಗ ಅವಳಿಗೆ ಇಂಗ್ಲಿಷ್ ಹೊರಟುಹೋಗಿದೆ, ಬಾಯಿಗೆ ಬಂದಿದ್ದು ಹೇಳು ಅಂತ. ನಂಗೆ ಹೊರಟುಹೋದ್ರೆ ಇನ್ನೇನೂ ಉಳಿಯಲ್ವಲ್ಲ! ಯೋಚಿಸ್ತಾ ಕೂತೆ. ನಾನು ಅತಿ ಹೆಚ್ಚು ಸಲ ಕೇಳಿರೋ ಕನ್ನಡ ಯಾವುದು ಅಂತ. ಡ್ಯಾನ್ಸ್ ಕ್ಲಾಸ್ ಮುಗಿಸಿ ಕಾರಲ್ಲಿ ಬರೋವಾಗ ಅಮ್ಮ ಪ್ರತಿ ಸಿಗ್ನಲಿನಲ್ಲೂ ಹೇಳೋಳಲ್ಲ...’

ನಾನು ಹೇಳುತ್ತಿದ್ದೆ. ಹೌದು. ಕಾರಿನ ಹಿಂದಿನ ಸೀಟಿನಲ್ಲಿ ಅವಳು ಗೆಜ್ಜೆ ಬಿಚ್ಚದೆ ಕೂತಿರುತ್ತಿದ್ದಳು, ನಾನು ಕೆಂಪು ದೀಪ ನೋಡುತ್ತಾ ಹೇಳುತ್ತಿದ್ದೆ. ಮನೆಯಲ್ಲಿ ಇವರು ಕುಕ್ಕರು ಇಟ್ಟು ಕಾಯುತ್ತಿರುತ್ತಿದ್ದರು, ಬೈಯುವ ಮಾತೇ ಇರಲಿಲ್ಲ.

‘ನೋಡು!’ ಎಂದರು ಗುರು ನನ್ನ ಕಡೆ ತಿರುಗಿ. ‘ನನ್ನ ಹೆಸರು ಕೆಡಿಸಿದ್ದು ನೀನು! ಈಗ ಇಡೀ ಇಂಗ್ಲೆಂಡಿಗೇ ಗೊತ್ತಾಯ್ತು!’ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ಫೋನು ಹಿಡಿದುಕೊಂಡು ಹಿತ್ತಲಿಗೆ ಹೋದರು. ನನಗೆ ಮರಳಿ ಕೊಟ್ಟಾಗ ಫೋನು ಬಿಸಿಯಾಗಿತ್ತು.

ನವೆಂಬರ್ 2, ಭಾನುವಾರ

ಆ ಜಗಳ ಇನ್ನೂ ನಡೆದೇ ಇದೆ. ನಾನೂ ಅಲ್ಲಿ ಒಂದು ಖಾತೆ ತೆರೆದು ಬರೆದೆ: ‘ಅದು ಕನ್ನಡ. ಹೊತ್ತಾಯಿತು, ತಂದೆ ಬೈಯುತ್ತಾರೆ ಎಂದು ಅರ್ಥ. ತಾನು ಸಾಯುತ್ತಿದ್ದೇನೆಂದು ಅವಳಿಗೆ ಗೊತ್ತಿಲ್ಲ. ಮನೆಗೆ ಹೊರಟಿದ್ದಾಳೆ.’ ನಾನು ಯಾರೆಂದು ಬರೆಯಲಿಲ್ಲ.

ಸ್ಕಾಟ್ಲೆಂಡಿನಿಂದ ಯಾರೋ ಉತ್ತರಿಸಿದರು: ‘ಧನ್ಯವಾದ. ತಿಳಿದ ಮೇಲೆ ಇನ್ನೂ ಕಷ್ಟವಾಯಿತು.’ ತಮಿಳಿನವನು ತಪ್ಪೊಪ್ಪಿಕೊಂಡು ಒಂದು ಹೂವಿನ ಚಿತ್ರ ಹಾಕಿದ್ದಾನೆ.

ನವೆಂಬರ್ 4, ಮಂಗಳವಾರ

ಮರಿಸೆಲ್‌ಗೆ ಹೇಳಿದೆ. ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈಯಲ್ಲಿದ್ದ ಗ್ಲೌಸು ನನ್ನ ಮೇಲೆ ಎಸೆದಳು. ‘ಅಷ್ಟೆಲ್ಲ ನನ್ನ ಬಾಯಿಂದ ಹೇಳಿಸಿಕೊಂಡೆಯಲ್ಲ, ರಾಕ್ಷಸಿ!’ ಊಟಕ್ಕೆ ಮೊದಲು ತಬ್ಬಿಕೊಂಡಳು. ಹೊಸ ಗ್ಲೌಸು ಹಾಕಿಕೊಂಡ ಮೇಲೆ, ಮತ್ತೆ ಬಂದು ಇನ್ನೊಂದು ಸಲ.

ನವೆಂಬರ್ 9, ಭಾನುವಾರ

ನಿನ್ನೆ ಸಂಘದ ರಾಜ್ಯೋತ್ಸವ. ಹೋಗುವುದು ಬೇಡವೆಂದುಕೊಂಡಿದ್ದವಳು ಹೋದೆ. ಮೈಸೂರು ರೇಷ್ಮೆ ಉಟ್ಟುಕೊಂಡು ಹೋದೆ. ವೇದಿಕೆಯಲ್ಲಿ ನಾಡಗೀತೆ, ಮಕ್ಕಳ ಕೋಲಾಟ, ಒಂದು ಉದ್ದನೆಯ ಭಾಷಣ. ನಮ್ಮ ಹೆಸರು ಎಲ್ಲೂ ಇಲ್ಲ. ಆದರೆ ಕಾಫಿ ಕೊಡುವಲ್ಲಿ ನಿಂತಿದ್ದಾಗ ಒಬ್ಬೊಬ್ಬರಾಗಿ ಬಂದರು, ಯಾರಿಗೂ ಕೇಳಿಸದಂತೆ ಮಾತಾಡಿ ಹೋದರು. ಒಬ್ಬರಿಗೆ ಎರಡು ದಿನ ನಿದ್ದೆ ಬಂದಿಲ್ಲ. ಒಬ್ಬ ಹಲ್ಲಿನ ಡಾಕ್ಟರು, ‘ಹಲ್ಲು ಕಡಿಯೋದನ್ನ ಅಷ್ಟು ಸರಿಯಾಗಿ ಹೇಗೆ ಮಾಡಿದ್ಲು?’ ಎಂದು ಕೇಳಿದರು. ಬೆವರು ಒರೆಸಿಕೊಂಡು ಮಾಡಿದ್ದು ಎಂದು ಎಲ್ಲರಿಗೂ ಹೇಳಿದೆ. ಯಾರೂ ನಂಬುವುದಿಲ್ಲ. ಆಮೇಲಾಮೇಲೆ ನಾನೇ ದನಿ ತಗ್ಗಿಸುವುದನ್ನು ಬಿಟ್ಟೆ.

ಮಗನ ಮನೆಗೆ ಬಂದಿರುವ ಮಂಡ್ಯದ ಕೆಂಪಮ್ಮ ಎಂಬ ಹಿರಿಯರು ನನ್ನ ಕೈ ಹಿಡಿದುಕೊಂಡರು. ‘ನಿಮ್ ಮಗಳಂತಲ್ಲ ಅದು? ನಂಗೆ ಇಂಗ್ಲಿಷ್ ಬರಾಕಿಲ್ಲ ಕನವ್ವ, ಮಕ ನೋಡ್ತಾ ಕುಂತಿದ್ದೆ ಅಷ್ಟೆಯ. ಕೊನೀಗೆ ಕನ್ನಡದಾಗೆ ಅಂದ್ಲಲ್ಲ, ಆಗ ಕಳ್ಳು ಚುರ್ ಅಂತು. ಈಗ ಹೆಂಗವ್ಳೆ? ಚೆಂದಾಗವ್ಳಾ?’

‘ಚೆನ್ನಾಗಿದ್ದಾಳೆ. ಥ್ಯಾಂಕ್ಸ್‌ಗಿವಿಂಗಿಗೆ ಬರ್ತಾಳೆ’ ಎಂದೆ.

‘ಬರ್ಲಿ ಬರ್ಲಿ. ಬಿಸಿಬಿಸಿ ಉಣ್ಣಕ್ಕಿಕ್ಕು.’

ಜಲಜಾ ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು. ಕಾರಿನವರೆಗೂ ಜೊತೆಗೆ ಬಂದಳು. ‘ಸೌಂಡ್ ಹಾಕ್ಕೊಂಡು ಇನ್ನೊಂದ್ಸಲ ನೋಡ್ದೆ ಕಣೇ’ ಎಂದಳು. ‘ಕಮಿಟೀಲಿ ಆ ಒಂದಿಬ್ರು ಅಂದ್ನಲ್ಲ. ಅದ್ರಲ್ಲಿ ಒಬ್ಳು ನಾನೇ.’

ಕೋಪ ಬರಬೇಕಿತ್ತು. ಬರಲಿಲ್ಲ. ‘ಯಾವ ಜಾಗದಲ್ಲಿ ಕಣ್ಣು ಮುಚ್ಚಿಕೊಂಡೆ, ಅದು ಹೇಳು’ ಎಂದೆ. ಪಾರ್ಕಿಂಗಿನಲ್ಲೇ ನಿಂತು ಬಹಳ ಹೊತ್ತು ಮಾತಾಡಿದೆವು.

ನವೆಂಬರ್ 10, ಸೋಮವಾರ

ಕೊನೆಯ ಕಂತು. ನೀನಾ ಈಗ ಪೊಲೀಸ್ ಠಾಣೆಯ ಗೋಡೆಯ ಮೇಲೆ ಒಂದು ಫೋಟೋ ಮಾತ್ರ. ಕೊಂದವರಲ್ಲಿ ಒಬ್ಬ ಸಿಕ್ಕಿದ, ಒಬ್ಬ ತಪ್ಪಿಸಿಕೊಂಡ. ಅವಳಿಲ್ಲದೆ ಸೀರಿಯಲ್ಲು ಸಪ್ಪೆ. ಗುರು ಲ್ಯಾಪ್‌ಟಾಪು ತರಲೇ ಇಲ್ಲ.

ನವೆಂಬರ್ 26, ಬುಧವಾರ

ಬಂದಳು. ಗುರು ಏರ್‌ಪೋರ್ಟಿಗೆ ವಿಮಾನ ಇಳಿಯುವ ಎಷ್ಟೋ ಮೊದಲೇ ಹೋಗಿ, ಕಾರನ್ನು ದುಡ್ಡು ಕೊಡುವ ಪಾರ್ಕಿಂಗಿನಲ್ಲಿ ಬಿಟ್ಟು, ಒಳಗೆ ಹೋಗಿ ನಿಂತಿದ್ದರಂತೆ. ಸಣ್ಣಗಾಗಿದ್ದಾಳೆ. ಬಿಸಿ ಅನ್ನ, ಹುಣಸೆ ಗೊಜ್ಜು, ಹಪ್ಪಳ. ಎರಡು ಸಲ ಬಡಿಸಿಕೊಂಡಳು.

ನವೆಂಬರ್ 29, ಶನಿವಾರ

ಹೊಸ ಪಾತ್ರವೊಂದಕ್ಕೆ ಅವಳು ವಿಡಿಯೋ ಮಾಡಿ ಕಳಿಸಬೇಕಂತೆ. ಹೋಗಿ ನಟಿಸಿ ತೋರಿಸುವ ಬದಲು ಈಗ ಹೀಗೆಯೇ ಅಂತೆ. ಮಧ್ಯಾಹ್ನದ ಬೆಳಕು ಚೆನ್ನಾಗಿ ಬೀಳುವುದು ಮೇಲಿನ ಅವಳ ಹಳೆಯ ಕೋಣೆಯಲ್ಲಿ. ಗೋಡೆಗೆ ಬೂದು ಬಣ್ಣದ ಬೆಡ್‌ಶೀಟು ಸಿಕ್ಕಿಸಿದಳು. ಬೆಳಕು ಮುಖದ ಮೇಲೆ ಬೀಳಲೆಂದು ಗುರು ಬಿಳಿ ಥರ್ಮೋಕೋಲಿನ ಹಲಗೆ ಹಿಡಿದು ನಿಂತರು. ಎದುರಿನ ಪಾತ್ರದ ಮಾತು ಓದಲು ಯಾರಾದರೂ ಬೇಕು. ‘ಅಮ್ಮಾ, ನೀನು ಓದ್ತೀಯಾ? ಆಕ್ಟ್ ಮಾಡೋದು ಬೇಡ, ಓದು ಸಾಕು.’

ದೃಶ್ಯದಲ್ಲಿ ಅವಳು ಒಂದು ಮಗುವಿನ ತಾಯಿ. ನಾನು ಸರಕಾರದ ಹೆಂಗಸು, ಆ ಮಗುವನ್ನು ನಾಳೆ ಕರೆದುಕೊಂಡು ಹೋಗುತ್ತೇವೆ ಎಂದು ತಿಳಿಸಲು ಬಂದವಳು.

ಓದಿದೆ. ಎರಡೇ ಮಾರು ದೂರದಲ್ಲಿ ಕೂತಿದ್ದ ನನ್ನ ಮಗಳ ಮುಖದಲ್ಲಿ ಒಂದು ಮನೆ ಕುಸಿದ ಹಾಗಾಯಿತು. ಕಣ್ಣೀರು ಕೂಡ ಬಂತು. ಮುಗಿದೊಡನೆ ಮೂಗೊರೆಸಿಕೊಂಡು, ‘ಓಕೆ. ಸಾಕು ಅಲ್ವಾ?’ ಎಂದಳು. ಕನ್ನಡದಲ್ಲೇ ಕೇಳಿದಳು.

‘ಸೂಪರ್’ ಎಂದರು ಗುರು.

‘ಸಾಲದು’ ಎಂದೆ. ‘ನಾನು ಮಾತು ಮುಗಿಸೋದಕ್ಕೆ ಮುಂಚೆನೇ ನೀನು ಬಾಗಿಲ ಕಡೆ ನೋಡಿಬಿಟ್ಟೆ. ನಾನೇನು ಹೇಳ್ತೀನಿ ಅಂತ ನಿಂಗೆ ಇನ್ನೂ ಗೊತ್ತಿಲ್ಲ. ಇನ್ನೊಂದ್ಸಲ ಮಾಡು.’

ಅವಳು ಎದ್ದು ಮುಖ ತೊಳೆದುಕೊಂಡು ಬಂದು ಕೂತಳು.

ಎರಡನೇ ಸಲ ಬಾಗಿಲು ಸರಿಹೋಯಿತು, ಕಣ್ಣೀರು ಹೆಚ್ಚಾಯಿತು. ಅಳಬೇಡ, ತಡೆದುಕೋ ಎಂದೆ. ಮೂರನೇ ಸಲ ಅವಳು ತಡೆದುಕೊಂಡಳು. ಅದನ್ನು ನೋಡುತ್ತಾ ‘ಮಗುವಿನ ಬಟ್ಟೆ ಕಟ್ಟಿಡಿ’ ಎಂಬ ಮಾತಿಗೆ ಬಂದಾಗ ನನ್ನ ಓದು ನಿಂತಿತು. ಎಷ್ಟು ಮಾಡಿದರೂ ಸ್ವರ ಹೊರಡಲಿಲ್ಲ.

ಮಾನ್ಯಾ ನಿಲ್ಲಿಸಲಿಲ್ಲ, ಕಣ್ಣು ತೆಗೆಯಲಿಲ್ಲ, ಹಾಗೆಯೇ ಕಾದಳು. ಗುರು ಹಲಗೆಯನ್ನು ಕುರ್ಚಿಗೆ ಒರಗಿಸಿ, ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಔಷಧಿ ಡಬ್ಬದ ಮೇಲಿನ ಬರಹ ಓದುವವರ ಹಾಗೆ ಉಳಿದದ್ದನ್ನು ಒಂದೊಂದೇ ಪದವಾಗಿ ಓದಿ ಮುಗಿಸಿದರು.

ಅದನ್ನೇ ಕಳಿಸಿದಳು.